ಎರಡು ‘ಪಿ’ಗಳ ಕೇಕು

ನಮ್ಮ ಶ್ರೇಣಿಕನ ಬಗ್ಗೆ ಒಳ್ಳೆಯ ಮಾತಾಡುವವರು ಇಡೀ ಸಾಂಗ್ಲಿಯಲ್ಲಿ ಇಬ್ಬರೇ. ಒಬ್ಬ ಸ್ವತಃ ಅವನು. ಇನ್ನೊಬ್ಬ, ಅವನ ಎದುರಿಗೆ ಕೂತಿರುವಷ್ಟು ಹೊತ್ತು, ನಾನು. ಅವನು ನನ್ನ ದೊಡ್ಡಪ್ಪನ ಮಗ, ನನಗಿಂತ ಮೂರು ವರ್ಷ ದೊಡ್ಡವನು. ಎದುರಿಗೆ ‘ಅಣ್ಣಾ’ ಅನ್ನುತ್ತೇನೆ, ಬೆನ್ನ ಹಿಂದೆ ಏನನ್ನುತ್ತೇನೆ ಎಂಬುದನ್ನು ಬರೆಯಲು ಕೂತಿದ್ದೇನೆ. ನನ್ನ ಹೆಸರು ರಾವಸಾಬ. ಮಿರಜದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸು ನನ್ನದು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ.

ಶ್ರೇಣಿಕ ಹುಟ್ಟಿದ್ದು ಕಸಬೆ ಡಿಗ್ರಜದಲ್ಲಿ, ಅರಿಸಿನ ಬೆಳೆಯುವ ಜೈನರ ಮನೆಯಲ್ಲಿ. ಮ್ಯಾಟ್ರಿಕ್ಕಿಗೆ ಮೂರು ಸಲ ಕೂತು ಮೂರು ಸಲವೂ ಎದ್ದು ಬಂದ. ಹೊಲದ ಕೆಲಸ ಮೈಗೆ ಹತ್ತಲಿಲ್ಲ. ಇಟ್ಟಿಗೆ ಭಟ್ಟಿ ಹಾಕುತ್ತೇನೆಂದು ವಿಶ್ರಾಮಬಾಗದ ಕಡೆ ಜಾಲಿ ಬೆಳೆದ ಎರಡು ಎಕರೆ ಕೊಂಡ, ಆ ಮಣ್ಣಿನಲ್ಲಿ ಇಟ್ಟಿಗೆ ನಿಲ್ಲುವುದಿಲ್ಲ ಎಂದು ಆಮೇಲೆ ಗೊತ್ತಾಗಿ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಅತ್ತ. ಆ ಅಳುವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಂಬತ್ತೊಂದು ಕಳೆದು ದೇಶಕ್ಕೆಲ್ಲ ಹೊಸ ಗಾಳಿ ಬೀಸಿದಾಗ ಸಾಂಗ್ಲಿ ಈ ಕಡೆಯಿಂದ, ಮಿರಜ ಆ ಕಡೆಯಿಂದ ಬೆಳೆಯುತ್ತ ಬಂದು ಇವನ ಜಾಲಿಯ ಹತ್ತಿರ ಒಂದಾದವು. ಇಟ್ಟಿಗೆಗೆ ಬಾರದ ಮಣ್ಣು ಪ್ಲಾಟಿಗೆ ಬಂತು. ಊರು ತಾನಾಗಿಯೇ ನಡೆದು ಬಂದು ಅವನ ಕಾಲಿಗೆ ಬಿತ್ತು, ಅವನು ಮಾತ್ರ ತಾನೇ ಕೈಹಿಡಿದು ಕರೆತಂದವನಂತೆ ಮೀಸೆ ತಿರುವಿದ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಶ್ರೇಣಿಕ ಕೊಡೆಯನ್ನು ಮಡಚಲೇ ಇಲ್ಲ. ಯಾವ ಸಾಮಾನು ಪೇಟೆಗೆ ಬಂದರೂ ನಮ್ಮವರಲ್ಲಿ ಅದು ಮೊದಲು ಅವನ ಮನೆಯಲ್ಲಿರಬೇಕು. ‘ಆಪಲ್ಯಾಂತ ಪಹಿಲಾ’, ನಮ್ಮವರಾಗ ಮೊದಲನೇದು, ಎನ್ನುವುದು ಅವನ ಬಾಯಿಪಾಠ. ಕಾರ್ಡ್‌ಲೆಸ್ ಫೋನು ತಂದ ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ಡಿಗ್ರಜದ ಹೊಲಕ್ಕೆ ಹೋಗಿ, ಆಳುಗಳ ಮುಂದೆ ‘ಹಲೋ, ಹಲೋ’ ಎಂದು ಒದರಿದ. ಮನೆಯ ಅಂಗಳ ದಾಟಿದರೆ ಆ ಯಂತ್ರ ಕೆಲಸ ಮಾಡುವುದಿಲ್ಲ ಎಂದು ಹೇಳಿದವನಿಗೆ ಹೊಟ್ಟೆಕಿಚ್ಚು ಎಂದ. ಮೈಕ್ರೋವೇವ್ ಒಲೆ ತಂದ. ಅವನ ತಾಯಿ ಸಖುಬಾಯಿ ದೊಡ್ಡವ್ವ ಇಲಿ ಮುಟ್ಟುವುದಿಲ್ಲ ಎಂದು ಅದರಲ್ಲಿ ಹಪ್ಪಳ ಇಟ್ಟಳು. ಆ ಬಂಗಲೆಯಲ್ಲಿ ಸರಿಯಾಗಿ ಉಪಯೋಗಕ್ಕೆ ಬಂದ ಸಾಮಾನು ಅದೊಂದೇ.

ಇಂಥವನ ಒಬ್ಬನೇ ಮಗ ಪಂಕಜ. ಹುಡುಗ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಅಪ್ಪ ಕೆಮ್ಮಿದರೆ ತಾನೂ ಗಂಟಲು ಸರಿಮಾಡಿಕೊಳ್ಳುವವನು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ತೊಂಬತ್ತೆಂಟರಲ್ಲಿ ಅವನಿಗೆ ಸಾಂಗ್ಲಿವಾಡಿಯ ಪಾರಿಸನ ಮಗಳು ಮೃಣಾಲಳನ್ನು ನೋಡಿದರು. ಪಾರಿಸ ದಿನಾ ಬೆಳಿಗ್ಗೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಕೃಷ್ಣೆಯ ಸೇತುವೆ ದಾಟಿ ಬರುವವನು. ಹಾಗೆ ಸೈಕಲ್ ತುಳಿದೇ ಮಗಳಿಗೆ ಔಷಧಿಶಾಸ್ತ್ರದ ಡಿಪ್ಲೊಮಾ ಓದಿಸಿದ್ದ. ಹುಡುಗಿ ಮಿರಜದ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ವಿಶ್ರಾಮಬಾಗದಲ್ಲಿ ತನ್ನದೇ ಅಂಗಡಿ ತೆರೆಯಲು ಲೈಸೆನ್ಸಿಗೆ ಅರ್ಜಿಯನ್ನೂ ಹಾಕಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮದುವೆಯಾಗಿ ಗಂಡನ ಮನೆಗೆ ಬಂದ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಮನೆತನದ ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರೇ ಹೋಗುತ್ತದೆ. ನನ್ನ ಹೆಂಡತಿ ತವರಿನಲ್ಲಿ ಸರುಬಾಯಿ, ನಮ್ಮಲ್ಲಿ ಪದ್ಮಾವತಿ. ಇಪ್ಪತ್ತಾರು ವರ್ಷವಾದರೂ ತವರಿನ ಕಡೆಯವರು ‘ಸರೂ’ ಅಂದರೆ ಅವಳ ಮುಖ ಅರಳುವ ಹಾಗೆ ನಾನು ಕರೆದಾಗ ಅರಳುವುದಿಲ್ಲ. ಇದು ನನಗೆ ಗೊತ್ತಿದ್ದ ಸಂಗತಿಯೇ.

ಸಾಖರಪುಡಾದ ದಿನ, ಅಂದರೆ ಎರಡೂ ಕಡೆಯವರು ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಿಕೊಂಡ ದಿನ, ಮೃಣಾಲ ಎಲ್ಲರ ಎದುರಿಗೇ ಒಂದು ಮಾತು ಕೇಳಿದಳು.

‘ಮಾಮಾ, ನನ್ನ ಹೆಸರ ಬದಲಿ ಮಾಡಬ್ಯಾಡ್ರಿ. ಸರ್ಟಿಫಿಕೇಟಿನಾಗ ಅದ ಹೆಸರೈತಿ, ಲೈಸೆನ್ಸೂ ಅದ ಹೆಸರಲೇ ಬರ್ತೈತಿ. ಅಂಗಡಿ ಗ್ವಾಡಿಗೆ ಅದನ್ನ ಹಾಕಬೇಕಾಗ್ತೈತಿ. ಅಷ್ಟ ಅಲ್ರಿ, ಅದು ನನ್ನ ಹೆಸರು.’

ಕೊನೆಯ ಮಾತು ಹೇಳುವಾಗ ಅವಳ ದನಿ ತುಸು ಏರಿತು. ಪಾರಿಸ ಮಗಳ ಸೆರಗು ಜಗ್ಗಿದ. ಶ್ರೇಣಿಕ ದೊಡ್ಡ ಮನುಷ್ಯನ ನಗೆ ನಕ್ಕು, ‘ಅಯ್ಯ, ಅದೇನ ದೊಡ್ಡ ಮಾತು! ಮೃಣಾಲನ ಇರ್ಲಿ. ನಮ್ಮವರಾಗ ನಾವ ಪಹಿಲಾ ಹೆಸರ ಬದಲಿ ಮಾಡದಾವ್ರು ಆಗೂಣು,’ ಅಂದ. ಅದರಲ್ಲೂ ಅವನಿಗೆ ಮೊದಲ ನಂಬರೇ. ಹುಡುಗಿಯ ಮುಖ ಹೊಳೆಯಿತು. ಪತ್ರಿಕೆಯಲ್ಲಿ ‘ಚಿ. ಸೌ. ಕಾಂ. ಮೃಣಾಲ’ ಎಂದು ಕೆಂಪು ಶಾಯಿಯಲ್ಲಿ ನಾನೇ ಅಚ್ಚು ಹಾಕಿದೆ.

ಹಾಳಾದದ್ದು ಒಂದು ಫೋಟೋದಿಂದ. ಶ್ರೇಣಿಕ ಯಾವನೋ ಬಿಲ್ಡರನ ಮಗಳ ಮದುವೆಗೆ ಮುಂಬಯಿಗೆ ಹೋದವನು, ಅಲ್ಲಿಯ ಹೋಟೆಲಿನಿಂದ ಬಣ್ಣದ ಪುಸ್ತಿಕೆಯೊಂದನ್ನು ಎತ್ತಿಕೊಂಡು ಬಂದ. ಅದರ ನಡುಪುಟದಲ್ಲಿ ಒಂದು ಕೇಕು: ಐದು ಮಜಲು, ಮಜಲಿಗೊಂದಿಷ್ಟು ಬಿಳಿ ಕಂಬ, ನೆತ್ತಿಯ ಮೇಲೆ ಜೋಡಿ ಹಂಸ, ಹಂಸಗಳ ನಡುವೆ ಇಂಗ್ಲಿಷಿನ ಎರಡು ‘ಪಿ’ ಅಕ್ಷರಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ‘ಇಂಥಾ ಕೇಕು ನಮ್ಮವರಾಗ ಯಾರೂ ಕೊಯ್ದಿಲ್ಲ,’ ಅಂದ. ನಮ್ಮವರಲ್ಲಿ ಮದುವೆಗೆ ಕೇಕು ಕೊಯ್ಯುವ ಪದ್ಧತಿಯೇ ಇಲ್ಲ ಅಂದೆ. ‘ಅದಕ್ಕ ಅಂತೇನಿ!’ ಅಂದ. ಇಂಥ ತರ್ಕಕ್ಕೆ ಯಾವ ಪಂಡಿತನೂ ಉತ್ತರ ಕೊಡಲಾರ.

ಫೋಟೋ ನೋಡಿ ದೊಡ್ಡವ್ವನಿಗೆ ಎದೆ ಝಲ್ಲೆಂದದ್ದು ಹಂಸಗಳಿಂದ. ಹಿಟ್ಟಿನದಾಗಲಿ ಸಕ್ಕರೆಯದಾಗಲಿ, ಪ್ರಾಣಿಯ ಆಕಾರವನ್ನು ಕೊಯ್ದು ತಿಂದರೆ ಮನಸ್ಸಿನಲ್ಲಿ ಕೊಂದಂತೆಯೇ ಎನ್ನುವುದು ನಮ್ಮ ಹಿರಿಯರ ನಂಬಿಕೆ. ಗೌರಿ ಹುಣ್ಣಿಮೆಗೆ ನೆರೆಯವರು ಸಕ್ಕರೆಯ ಆನೆ, ಒಂಟೆ ಕಳಿಸಿದರೆ ದೊಡ್ಡವ್ವ ನಮ್ಮ ಕೈಗೆ ಕೊಡುತ್ತಿರಲಿಲ್ಲ. ನಾವು ಎಷ್ಟು ಅತ್ತರೂ ಕೊಡುತ್ತಿರಲಿಲ್ಲ. ‘ಜೀವದ ಆಕಾರಕ್ಕ ಚಾಕು ಹಚ್ಚೂದಿದ್ರ ನಾ ಮದಿವಿಗೆ ಬರಂಗಿಲ್ಲ,’ ಎಂದು ಅವಳು ಖಡಾಖಂಡಿತ ಹೇಳಿದಳು. ಆ ಮುದುಕಿಯ ಮಾತಿಗೆ ನನ್ನ ಗೌರವವಿದೆ, ಅವಳು ಹೇಳಿದ್ದನ್ನೇ ಜೀವನವಿಡೀ ನಡೆದವಳು.

ಮದುವೆಗೆ ಹತ್ತು ದಿನ ಇರುವಾಗ ಶ್ರೇಣಿಕ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಮಿರಜದ ಸಿದ್ರಾಮಪ್ಪನ ಬೇಕರಿಗೆ ಹೋದ. ಸಿದ್ರಾಮಪ್ಪ ಲಿಂಗಾಯತ, ಅವನ ಭಟ್ಟಿಗೆ ತತ್ತಿ ಸೋಕಿದ್ದೇ ಇಲ್ಲ. ಖಾರಿ, ಟೋಸ್ಟು, ನಾನಕಟೈ ಮಾಡುತ್ತ ಮಾಡುತ್ತ ತತ್ತಿ ಇಲ್ಲದ ಕೇಕನ್ನೂ ಕಲಿತವನು. ಹೀಗಾಗಿ ಹುಟ್ಟುಹಬ್ಬದ ಕೇಕಿಗೆ ಜೈನರು, ಮಾರವಾಡಿಗಳು ಎಲ್ಲ ಅವನ ಹತ್ತಿರವೇ ಬರುತ್ತಿದ್ದರು. ಅವನು ಕೈ ಒರೆಸಿಕೊಂಡು ಬಂದು ಫೋಟೋ ನೋಡಿದ.

‘ಬರ್ರಿ, ಕುಂದ್ರಿ. ಐದು ಮಜಲು ತತ್ತಿ ಇಲ್ಲದ ಕೇಕು ತಡ್ಯಾಂಗಿಲ್ರಿ, ಕುಸೀತೈತಿ. ಐದೂ ಥರ್ಮಾಕೋಲ್ ಮಾಡೂಣು. ಮ್ಯಾಲೆ ಕ್ರೀಮ ಬಡದ್ರ ಯಾರಿಗೂ ಗೊತ್ತಾಗೂದಿಲ್ಲ. ಅದರ ಮುಂದ ಕೊಯ್ಯಾಕಂತ ಒಂದು ಚೌಕ ಕೇಕ ಇಡೂಣು, ಖರೇ ಕೇಕ.’

ಶ್ರೇಣಿಕನಿಗೆ ಇದು ಬಹಳ ಹಿಡಿಸಿತು. ತನ್ನ ಸ್ವಭಾವಕ್ಕೆ ಒಪ್ಪುವ ಪದಾರ್ಥವನ್ನು ಮನುಷ್ಯ ಗುರುತು ಹಿಡಿಯದೇ ಇರುತ್ತಾನೆಯೇ?

‘ಹಂಸ ಮಾತ್ರ ಬ್ಯಾಡ,’ ಅಂದ. ‘ಜೀವದ ಆಕಾರ ಕೊಯ್ಯೂದು ನಮ್ಮ ಧರ್ಮದಾಗ ಪಾಪ.’

‘ಹಂಸ ಎಲ್ಲೆ ಕೊಯ್ತೀರಿ, ಅದು ಮ್ಯಾಲೆ ಕುಂತಿರ್ತೈತಿ.’

‘ಆದ್ರೂ ಆತು. ಯಾವದರ ಹುಡುಗ ಕೈ ಹಾಕಿ ರುಂಡಾ ಮುರದ್ರ? ನನಗ ನೋಡಾಕ ಆಗಂಗಿಲ್ಲಪ್ಪಾ!’ ಅವನ ದನಿ ನಿಜಕ್ಕೂ ನಡುಗಿತು. ಹಂಸದ ಬದಲು ಗುಲಾಬಿ ಹೂವು ಎಂದು ತೀರ್ಮಾನವಾಯಿತು.

ಆಮೇಲೆ ಆ ಅಕ್ಷರಗಳ ಮೇಲೆ ಬೆರಳಿಟ್ಟ. ‘ಇವು ಎರಡು ಪಿ ಮಾತ್ರ ಹಿಂಗ ಇರಬೇಕು. ಹಿಂಗ ಒಂದಕ್ಕೊಂದು ತೆಕ್ಕಿ ಬಿದ್ದಂಗ.’

ಸಿದ್ರಾಮಪ್ಪ ನನ್ನ ಕಡೆ ನೋಡಿದ. ಪತ್ರಿಕೆ ಅವನಿಗೂ ಹೋಗಿತ್ತು. ‘ಹುಡುಗ ಪಂಕಜ, ಹುಡುಗಿ ಮೃಣಾಲ ಅಲ್ರಿ? ಪಿ ಒಂದು, ಎಂ ಒಂದು ಬರ್ತೈತಿ.’

‘ಫೋಟೋದಾಗ ಎರಡೂ ಪಿ ಅದಾವು.’

‘ಫೋಟೋದಾಗಿನವ್ರ ಹೆಸರ ಅದಿರ್ಬೇಕ್ರಿ. ನನಗ ಎಂ ಮಾಡಾಕೂ ಬರ್ತೈತಿ, ನೋಡ್ರಿ.’ ಸಿದ್ರಾಮಪ್ಪ ಕಾಗದದ ಕೊಳವೆಯಲ್ಲಿ ಕ್ರೀಮು ತುಂಬಿ, ತಟ್ಟೆಯ ಮೇಲೆ ಒಂದು ‘ಎಂ’ ತೆಗೆದು ತೋರಿಸಿದ. ಚೆಂದವಾಗಿಯೇ ಇತ್ತು, ಬಳುಕಿ ಬಳುಕಿ ಕಮಲದ ದಂಟಿನಂತೆ.

ಶ್ರೇಣಿಕ ತಲೆಯನ್ನು ಆ ಕಡೆ ವಾಲಿಸಿ ನೋಡಿದ, ಈ ಕಡೆ ವಾಲಿಸಿ ನೋಡಿದ. ‘ಇದೇನು, ಕಾಲ ಮುರದ ಕುಂದ್ರೂ ಮಣಿ ಇದ್ದಂಗೈತಿ. ಬ್ಯಾಡ. ಜೋಡಿ ಕೂಡೂದಿಲ್ಲ.’ ಆಮೇಲೆ ಅವನಿಗೆ ಒಂದು ವಿಚಾರ ಹೊಳೆಯಿತು. ಅವನಿಗೆ ವಿಚಾರ ಹೊಳೆದಾಗಲೆಲ್ಲ ಬೇರೆ ಯಾರಿಗೋ ಗ್ರಹಣ ಹಿಡಿಯುತ್ತದೆ. ‘ರಾವಸಾಬ, ನೀ ಪತ್ರಿಕಾ ಛಾಪಸಾಂವ. ಪ ಮ್ಯಾಲಿಂದ ಶುರು ಆಗೂ ಹೆಣ್ಣ ಹೆಸರ ಹೇಳು.’

‘ಯಾಕಣ್ಣಾ?’

‘ಹ್ಯಾಂಗೂ ನಮ್ಮಲ್ಲೆ ಹೆಸರ ಬದಲಿ ಮಾಡ್ತೇವೆಲ್ಲ.’

‘ಮಾಡೂದಿಲ್ಲಂತ ಮಾತ ಕೊಟ್ಟಿಯಲ್ಲ ಅಣ್ಣಾ.’

‘ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಎರಡ ದಿನ ಮಾರಿ ಸಣ್ಣ ಮಾಡ್ತಾಳ, ಮೂರನೇ ದಿನಕ್ಕ ರೂಢಿ ಆಗ್ತೈತಿ. ನೀ ಹೆಸರ ಹೇಳು.’

ಮುಂಬಯಿಯಲ್ಲಿ ಯಾವನೋ ಪೀಟರ್, ಯಾವಳೋ ಪಾಮೆಲಾ ಎಂದೋ ಮದುವೆಯಾದರು. ಆ ಪುಣ್ಯಾತ್ಮರ ಕೇಕಿನ ಫೋಟೋಗೆ ಹೊಂದಬೇಕೆಂದು ಸಾಂಗ್ಲಿವಾಡಿಯ ಹುಡುಗಿ ತನ್ನ ಹೆಸರು ಕಳೆದುಕೊಳ್ಳಬೇಕು. ಕ್ರೀಮಿನ ಹಂಸಕ್ಕೆ ಚಾಕು ತಾಗೀತೆಂದು ನಡುಗಿದವನಿಗೆ ಇದರಲ್ಲಿ ಏನೂ ಕೊಯ್ದಂತೆ ಅನ್ನಿಸಲಿಲ್ಲ. ಅವನ ಅಹಿಂಸೆ ಅಷ್ಟೇ ಉದ್ದದ್ದು. ನನಗೆ ಅವನ ಮೇಲೆ ಥೂ ಅನ್ನಿಸಿತು.

ಥೂ ಅನ್ನಿಸಿ ನಾನು ಏನು ಮಾಡಿದೆ? ಹೆಸರು ಹೇಳಿದೆ. ‘ಪದ್ಮಾ, ಪ್ರಮಿಳಾ...’ ಅವೆರಡೂ ಹಳೆಯವು ಅಂದ. ಹಿಂದಿನ ವಾರವಷ್ಟೇ ಕೊಲ್ಲಾಪುರದ ಕಡೆಯವರ ಪತ್ರಿಕೆಯೊಂದರಲ್ಲಿ ಬಂದದ್ದು ನೆನಪಾಗಿ ‘ಪ್ರಣಾಲಿ’ ಅಂದೆ.

‘ಹಾಂ! ಇದು ಮಾಡರ್ನ್ ಐತಿ. ಅರ್ಥ ಏನು?’

‘ನೀರ ಹರಿಯೂ ಕಾಲುವಿ ಅಣ್ಣಾ.’

‘ಭಾಳ ಚಲೋ. ಲಕ್ಷ್ಮಿ ಹರದ ಬರ್ತಾಳ.’

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನು ನಾನು. ಅವನ ಪ್ಲಾಟುಗಳ ಹ್ಯಾಂಡ್‌ಬಿಲ್ಲು, ಕ್ಯಾಲೆಂಡರು ಎಲ್ಲ ನನ್ನ ಪ್ರೆಸ್ಸಿನಲ್ಲೇ ಆಗುತ್ತಿದ್ದವು. ಇಷ್ಟು ಹೇಳಿದರೆ ಸಾಕು. ಚೌಕ ಕೇಕಿನ ಮೇಲೆ ಬರೆಯಲೆಂದು ಸಿದ್ರಾಮಪ್ಪ ಆರ್ಡರಿನ ವಹಿಯಲ್ಲಿ ಮರಾಠಿ ಅಕ್ಷರದಲ್ಲಿ ಪಂಕಜ, ಪ್ರಣಾಲಿ ಎಂದು ಬರೆದುಕೊಂಡ. ಬರೆದು, ಶ್ರೇಣಿಕನನ್ನು ಬಿಟ್ಟು ನನ್ನನ್ನು ನೋಡಿ, ‘ಹುಡುಗೀಗಿ ಗೊತ್ತೈತೇನ್ರಿ?’ ಎಂದು ಕೇಳಿದ. ‘ಸರ್‌ಪ್ರೈಜ್ ಐತಿ,’ ಅಂದ ಶ್ರೇಣಿಕ. ತಟ್ಟೆಯ ಮೇಲಿನ ‘ಎಂ’ ಅನ್ನು ಸಿದ್ರಾಮಪ್ಪ ಬೆರಳಿನಿಂದ ಬಳಿದು ತೆಗೆದ.

ನಡುವೆ ಒಮ್ಮೆ ಬಿ.ಪಿ. ಗುಳಿಗೆಗೆಂದು ಮೃಣಾಲಳಿದ್ದ ಅಂಗಡಿಗೆ ಹೋಗಬೇಕಾಯಿತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಹೇಳಿಬಿಡೋಣ ಎಂದೇ ಅಲ್ಲಿಗೆ ಹೋದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವಳು ಕೌಂಟರಿನ ಹಿಂದಿನಿಂದ, ‘ಕಾಕಾ, ಪತ್ರಿಕಾದಾಗ ನನ್ನ ಹೆಸರ ಏನ ಚಂದ ಮೂಡೈತ್ರಿ. ಒಂದು ಪತ್ರಿಕಾ ಮಡಚದಂಗ ತಗದಿಟ್ಟೇನಿ,’ ಅಂದಳು. ಗುಳಿಗೆಯನ್ನು ಊಟವಾದ ಮೇಲೆ ತೆಗೆದುಕೊಳ್ಳಬೇಕೆಂದು ಎರಡೆರಡು ಸಲ ಹೇಳಿದಳು. ‘ಹೂಂ’ ಎಂದು ಹೊರಬಿದ್ದೆ.

ಮದುವೆ ಬೆಳಿಗ್ಗೆ ಆಯಿತು. ನಮ್ಮವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವಾದ್ದರಿಂದ ರಿಸೆಪ್ಷನ್ನನ್ನು ಮಧ್ಯಾಹ್ನ ನಾಲ್ಕಕ್ಕೇ ಇಟ್ಟಿದ್ದರು. ವಿಶ್ರಾಮಬಾಗದ ದೊಡ್ಡ ಮಂಗಲ ಕಾರ್ಯಾಲಯ, ಜರಿ ಪರದೆ, ವೀಡಿಯೋದವನ ಕಣ್ಣು ಕುಕ್ಕುವ ದೀಪ. ವೇದಿಕೆಯ ನಡುವೆ ಥರ್ಮಾಕೋಲಿನ ಐದು ಮಜಲು, ತುದಿಯಲ್ಲಿ ತೆಕ್ಕೆ ಬಿದ್ದ ಎರಡು ಪಿ. ಅದರ ಮುಂದೆ ಚೌಕ ಕೇಕು, ಮೇಲೊಂದು ಕೆಂಪು ಬಟ್ಟೆ. ಡಿಗ್ರಜದಿಂದ ಬಂದ ಮುದುಕರು ಆ ಐದು ಮಜಲನ್ನು ಬಸದಿಯ ಮಾದರಿ ಎಂದು ತಿಳಿದು ಕೈಮುಗಿಯುವುದರಲ್ಲಿದ್ದರು, ನಾನೇ ತಡೆದೆ.

ಶ್ರೇಣಿಕ ಸೂಟು ಹಾಕಿಕೊಂಡು ಮೈಕಿನ ಮುಂದೆ ನಿಂತ. ‘ಆಪಲ್ಯಾಂತ ಪಹಿಲಾ’ ಎಂದು ಶುರುಮಾಡಿ ಕೇಕಿನ ಇತಿಹಾಸವನ್ನೆಲ್ಲ ಮರಾಠಿಯಲ್ಲಿ ಹೇಳಿದ. ಆಮೇಲೆ ಬಟ್ಟೆ ಸರಿಸಿ ಕೂಗಿದ: ‘ಆಮಚ್ಯಾ ಸೂನಬಾಯಿಚಂ ನವೀನ ನಾವ, ಪ್ರಣಾಲಿ!’ ನಮ್ಮ ಸೊಸೆಯ ಹೊಸ ಹೆಸರು! ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಉಳಿಯುತ್ತಿದ್ದೆ. ‘ಹೆಸರು ಹುಡುಕಿದವರು ನಮ್ಮ ರಾವಸಾಬ,’ ಎಂದು ನನ್ನತ್ತ ಕೈಚಾಚಿದ. ವೀಡಿಯೋದವನ ದೀಪ ನನ್ನ ಮುಖಕ್ಕೆ ಬಂತು. ಜನ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ಮಾತ್ರ ಪಕ್ಕದವನಿಗೆ, ‘ಪತ್ರಿಕಾದಾಗ ಮೃಣಾಲ ಇತ್ತಲ್ಲೋ, ಹುಡುಗಿ ಬದಲಿ ಆದ್ಲೇನು?’ ಎಂದು ಕೇಳಿದ.

ಮೃಣಾಲ ಕೈಯಲ್ಲಿ ರಿಬ್ಬನ್ ಕಟ್ಟಿದ ಚಾಕು ಹಿಡಿದು ನಿಂತಿದ್ದಳು. ಕೇಕನ್ನು ಓದಿದಳು. ಇನ್ನೊಮ್ಮೆ ಓದಿದಳು. ಕೆಳಗೆ ಮೊದಲ ಸಾಲಿನಲ್ಲಿ ಪಾರಿಸ ತಲೆ ತಗ್ಗಿಸಿದ. ಮೃಣಾಲಳ ತುಟಿ ಅದುರುವುದು ನಾನಿದ್ದಲ್ಲಿಗೂ ಕಾಣುತ್ತಿತ್ತು. ಅಳುತ್ತಾಳೆ ಅಂದುಕೊಂಡೆ.

‘ಮಾಮಾ, ಸಾಖರಪುಡಾದಾಗ ಮಾತ ಕೊಟ್ಟಿದ್ರಿ,’ ಅಂದಳು. ಮೈಕು ಹತ್ತಿರವೇ ಇದ್ದುದರಿಂದ ಹಾಲಿಗೆಲ್ಲ ಕೇಳಿಸಿತು.

ಶ್ರೇಣಿಕ ನಗುತ್ತಲೇ ಹಲ್ಲಿನ ನಡುವಿನಿಂದ ಹೇಳಿದ: ‘ಈಗ ಕೇಕಿನ ಮ್ಯಾಲೆ ಬರದಾಗೇತಿ ಬಾಳಾ. ಬರದದ್ದನ್ನ ಅಳಸಾಕ ಬರ್ತೈತೇನು?’

‘ಬರ್ತೈತ್ರಿ,’ ಅಂದಳು.

ಪಂಕಜ ಮರಾಠಿಯಲ್ಲಿ ‘ಅಗ, ರಾಹೂ ದೇ,’ ಇರಲಿ ಬಿಡು, ಅಂದ. ಮದುಮಗನಾಗಿ ಆ ದಿನ ಅವನು ಆಡಿದ ಮಾತು ಅದೊಂದೇ. ಅವಳು ಅವನ ಕಡೆ ತಿರುಗಲೂ ಇಲ್ಲ. ಚಾಕುವನ್ನು ಅಡ್ಡ ಮಾಡಿ, ಸಾವಕಾಶ, ಗೋಡೆಯ ಗಿಲಾವು ಕೆರೆಯುವ ಹಾಗೆ ‘ಪ್ರ’ ಅನ್ನು ಬುಡಸಮೇತ ಎತ್ತಿದಳು. ಅದನ್ನು ಬೆರಳಿಗೆ ತೆಗೆದುಕೊಂಡು ಶ್ರೇಣಿಕನ ಬಾಯಿಯ ಹತ್ತಿರ ಹಿಡಿದಳು. ‘ತಗೋರಿ ಮಾಮಾ. ನೀವ ಇಟ್ಟ ಹೆಸರು, ನೀವ ತಿನ್ರಿ.’

ನೂರಾರು ಜನ ನೋಡುತ್ತಿದ್ದಾರೆ, ಕ್ಯಾಮೆರಾ ಓಡುತ್ತಿದೆ. ಬಾಯಿ ಮುಚ್ಚಿದರೆ ಮರ್ಯಾದೆ ಹೋಗುತ್ತದೆ, ತೆರೆದರೂ ಹೋಗುತ್ತದೆ. ಶ್ರೇಣಿಕ ತೆರೆದ. ಸೊಸೆ ಮಾವನಿಗೆ ತಿನ್ನಿಸುವುದೂ ಮುಂಬಯಿಯ ಪದ್ಧತಿ ಇರಬೇಕೆಂದು ತಿಳಿದು ಜನ ಜೋರಾಗಿ ಚಪ್ಪಾಳೆ ತಟ್ಟಿದರು. ‘ಕಾಕಾ, ಪುನ್ಹಾ ಏಕದಾ! ಇಕಡೇ ಬಘಾ!’ ಇನ್ನೊಮ್ಮೆ, ಈ ಕಡೆ ನೋಡಿ ಎಂದು ವೀಡಿಯೋದವನು ಕೂಗಿದ. ಅವಳು ‘ಣಾ’ ಎತ್ತಿದಳು. ಶ್ರೇಣಿಕ ಕ್ಯಾಮೆರಾದ ಕಡೆ ನೋಡಿ, ಹಲ್ಲು ಕಿಸಿದು, ಮೀಸೆಯ ತುಂಬ ಕೆಂಪು ಕ್ರೀಮು ಮಾಡಿಕೊಂಡು ಅದನ್ನೂ ನುಂಗಿದ. ನಮ್ಮವರಲ್ಲಿ ಆಡಿದ ಮಾತನ್ನು ವೇದಿಕೆಯ ಮೇಲೆ ಎಲ್ಲರೆದುರು ತಿಂದವರಲ್ಲಿ ಖಂಡಿತ ಅವನೇ ಪಹಿಲಾ. ನಾನು ನಕ್ಕೆ. ಇಷ್ಟು ವರ್ಷ ಬೆನ್ನ ಹಿಂದೆ ನಕ್ಕದ್ದಕ್ಕಿಂತ ಎದುರಿಗೆ ನಕ್ಕದ್ದು ಬಹಳ ರುಚಿಯಾಗಿತ್ತು.

ಮರುದಿನ ಅಕ್ಕಿಯ ತಟ್ಟೆಯಲ್ಲಿ ಪಂಕಜ ಯಾರೂ ಹೇಳದೆಯೇ ಮೃಣಾಲ ಎಂದು ಬರೆದ. ಅಪ್ಪ ಕೆಮ್ಮಲಿಲ್ಲ.

ಆದರೆ ಆ ಹೊತ್ತು, ಕಾರ್ಯಾಲಯದಲ್ಲಿ, ನಾನಿನ್ನೂ ನಗುತ್ತಿದ್ದಾಗಲೇ ಮೃಣಾಲ ಮೈಕನ್ನು ಕೈಗೆ ತೆಗೆದುಕೊಂಡಳು.

‘ರಾವಸಾಬ ಕಾಕಾ,’ ಅಂದಳು. ದನಿಯಲ್ಲಿ ಸಿ‌ಟ್ಟಿರಲಿಲ್ಲ, ಅಂಗಡಿಯಲ್ಲಿ ಗುಳಿಗೆ ಕೊಡುವಾಗಿನ ದನಿಯೇ. ‘ಹುಡಕಿ ಕೊಟ್ಟಾವ್ರು ನೀವಂತಲ್ರಿ. ಅಂಗಡಿಗೆ ಬಂದಾಗ ಹೇಳಲಿಲ್ಲ. ಬರ್ರಿ, ಇನ್ನಾ ಒಂದ ಅಕ್ಷರ ಉಳದೈತಿ.’

ದೀಪ ಮತ್ತೆ ನನ್ನ ಮುಖಕ್ಕೆ ಬಂತು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ‘ಹೋಗ್ರಿ, ಕರೀತಾಳ,’ ಅಂದಳು. ಮೆಟ್ಟಿಲು ಹತ್ತಿ ಹೋಗಿ ನಿಂತೆ. ಮೃಣಾಲ ‘ಲಿ’ ಅನ್ನು ನನ್ನ ಬಾಯಿಗಿಟ್ಟು, ಮೈಕನ್ನು ಅಲ್ಲೇ ಹಿಡಿದಳು.

‘ಈಗ ನನ್ನ ಹೆಸರ ಹೇಳ್ರಿ.’

ಬಾಯ್ತುಂಬ ಕ್ರೀಮು ಇಟ್ಟುಕೊಂಡು ಆ ಹೆಸರು ಹೇಳುವುದು ಸುಲಭವಲ್ಲ. ಮೊದಲ ಸಲ ಏನೂ ಹೊರಡಲಿಲ್ಲ. ನುಂಗಿ, ಇನ್ನೊಮ್ಮೆ ಹೇಳಿದೆ.